ಪೋಸ್ಟ್‌ಗ್ರೆಸ್‌ನ ಟೇಬಲ್‌ಸ್ಯಾಂಪಲ್: ಅಗುಳು ಹಿಸುಕಿ ನೋಡಲು ಸರಿ, ಚೀಟಿ ಎತ್ತಲು ಅಲ್ಲ

ನಾನು ನಡೆಸುವ ವಚನಗಳ ಸಣ್ಣ ಜಾಲತಾಣದ ಮುಖಪುಟದಲ್ಲಿ ಐದು ವಚನಗಳ ಒಂದು ಚೌಕವಿದೆ. ಪುಟ ತೆರೆದಾಗಲೆಲ್ಲ ಅಲ್ಲಿ ಬೇರೆ ಐದು ವಚನಗಳು ಬರಬೇಕು, ಇಪ್ಪತ್ತು ಸಾವಿರದ ಆಸುಪಾಸಿನಲ್ಲಿರುವ ವಚನಗಳಲ್ಲಿ ಪ್ರತಿಯೊಂದಕ್ಕೂ ಸಮಾನ ಅವಕಾಶವಿರಬೇಕು, ಸರ್ವರ್ ಮೇಲೆ ಹೊರೆ ಬೀಳಬಾರದು ಎಂಬುದಷ್ಟೇ ನನ್ನ ಬೇಡಿಕೆಯಾಗಿತ್ತು. ಇದಕ್ಕಾಗಿ ಪೋಸ್ಟ್‌ಗ್ರೆಸ್‌ಕ್ಯೂಎಲ್ ಡೇಟಾಬೇಸಿನ ಟೇಬಲ್‌ಸ್ಯಾಂಪಲ್ ಎಂಬ, ಟೇಬಲಿನಿಂದ ಒಂದಷ್ಟು ಸಾಲುಗಳನ್ನು ಮಾತ್ರ ಯಾದೃಚ್ಛಿಕವಾಗಿ ಎತ್ತಿಕೊಡುವ ಸೌಲಭ್ಯವನ್ನು ಬಳಸಿದೆ, ಮೂರು ಬಾರಿ ತಪ್ಪಾಗಿ ಬಳಸಿದೆ, ನಾಲ್ಕನೆಯ ಬಾರಿಗೆ ಅದು ಯಾವ ಕೆಲಸಕ್ಕೆಂದು ಹುಟ್ಟಿದೆ ಎಂಬುದು ತಿಳಿಯಿತು. ಅದೇ ದಾರಿ ಹಿಡಿಯಹೊರಟ ಇತರರಿಗೆ ಉಪಯೋಗವಾಗಲೆಂದು ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಮೊದಲಿಗೆ ಎಲ್ಲರಿಗೂ ಗೊತ್ತಿರುವ ವಿಧಾನ, ಅಂದರೆ ಆರ್ಡರ್ ಬೈ ರ‍್ಯಾಂಡಮ್, ಲಿಮಿಟ್ ಐದು. ಜಾಲತಾಣ ಕಟ್ಟುವ ತಂತ್ರಾಂಶ ಚೌಕಟ್ಟಾದ ಜ್ಯಾಂಗೋದಲ್ಲಿ ಆರ್ಡರ್ ಬೈ ಎಂಬುದಕ್ಕೆ ಒಂದು ಪ್ರಶ್ನಾರ್ಥಕ ಚಿಹ್ನೆ ಕೊಟ್ಟರೆ ಆಗುವುದೂ ಇದೇ, ಮತ್ತು ಅದು ದುಬಾರಿಯೂ ನಿಧಾನವೂ ಆಗಬಹುದೆಂದು ಜ್ಯಾಂಗೋದ ಕೈಪಿಡಿಯೇ ಎಚ್ಚರಿಸುತ್ತದೆ. ಈ ವಿಧಾನದಲ್ಲಿ ಡೇಟಾಬೇಸ್ ಟೇಬಲಿನ ಪ್ರತಿಯೊಂದು ಸಾಲನ್ನೂ ಓದಿ, ಪ್ರತಿ ಸಾಲಿಗೂ ಒಂದು ಯಾದೃಚ್ಛಿಕ ಸಂಖ್ಯೆಯನ್ನು ಅಂಟಿಸಿ, ಅವುಗಳಲ್ಲಿ ಅತಿ ಚಿಕ್ಕ ಐದನ್ನು ಉಳಿಸಿಕೊಂಡು ಮಿಕ್ಕದ್ದನ್ನು ಎಸೆಯುತ್ತದೆ. ಪೋಸ್ಟ್‌ಗ್ರೆಸ್ ಇಲ್ಲಿ ಇಡೀ ಟೇಬಲನ್ನು ವಿಂಗಡಿಸಲು ಹೋಗುವುದಿಲ್ಲ, ಐದು ಸಾಲುಗಳ ಒಂದು ಚಿಕ್ಕ ರಾಶಿಯನ್ನು ಮಾತ್ರ ಕೈಯಲ್ಲಿಟ್ಟುಕೊಂಡು ಸಾಗುತ್ತದೆ. ಆದುದರಿಂದ ಖರ್ಚಾಗುವುದು ವಿಂಗಡಣೆಗಲ್ಲ, ಓದಿಗೆ. ಒಬ್ಬ ಓದುಗ ಬಂದರೂ ಪೂರ್ತಿ ಟೇಬಲ್, ಅದೇ ಗಳಿಗೆಯಲ್ಲಿ ನೂರು ಓದುಗರು ಬಂದರೆ ನೂರು ಸಲ ಪೂರ್ತಿ ಟೇಬಲ್. ಊರಿನವರನ್ನೆಲ್ಲ ದೇವಸ್ಥಾನದ ಅಂಗಳಕ್ಕೆ ಕರೆಸಿ, ಐವರನ್ನು ಉಳಿಸಿಕೊಂಡು ಉಳಿದವರನ್ನು ಮನೆಗೆ ಕಳುಹಿಸಿದಂತೆ.

ಇದನ್ನು ತಪ್ಪಿಸುವ ಅಡ್ಡದಾರಿಗಳಲ್ಲಿ ಆಫ್‌ಸೆಟ್ ಒಂದು. ಒಟ್ಟು ಸಾಲುಗಳನ್ನು ಎಣಿಸಿ, ಅದರೊಳಗೊಂದು ಸಂಖ್ಯೆಯನ್ನು ಆರಿಸಿ, ಅಷ್ಟು ಸಾಲುಗಳನ್ನು ದಾಟಿ ಮುಂದಿನದನ್ನು ಕೊಡು ಎನ್ನುವುದು ಇದರ ರೀತಿ. ಆದರೆ ಆಫ್‌ಸೆಟ್ 15,000 ಎಂದರೆ ಡೇಟಾಬೇಸ್ ಹದಿನೈದು ಸಾವಿರ ಸಾಲುಗಳನ್ನು ಹಾರಿ ಹೋಗುವುದಿಲ್ಲ, ಒಂದೊಂದಾಗಿ ನಡೆದು ದಾಟುತ್ತದೆ. ಒಟ್ಟು ಎಣಿಕೆಯ ಖರ್ಚು ಬೇರೆ.

ಇನ್ನೊಂದು ಅಡ್ಡದಾರಿ ಐಡಿಯನ್ನು, ಅಂದರೆ ಪ್ರತಿ ಸಾಲಿಗೂ ಇರುವ ಗುರುತಿನ ಸಂಖ್ಯೆಯನ್ನು, ಊಹಿಸುವುದು. ಒಂದರಿಂದ ಗರಿಷ್ಠ ಐಡಿಯವರೆಗೆ ಒಂದು ಸಂಖ್ಯೆಯನ್ನು ಎತ್ತಿ, ಅದಕ್ಕೆ ಸಮನಾದ ಅಥವಾ ಅದಕ್ಕಿಂತ ದೊಡ್ಡದಾದ ಮೊದಲ ಐಡಿಯ ಸಾಲನ್ನು ತರುವ ಈ ಉಪಾಯ ಬಹಳ ವೇಗದ್ದು, ಏಕೆಂದರೆ ಪುಸ್ತಕದ ಪದಸೂಚಿಯಂತಿರುವ ಇಂಡೆಕ್ಸ್ ನೇರವಾಗಿ ಅಲ್ಲಿಗೇ ಕರೆದೊಯ್ಯುತ್ತದೆ. ತೊಂದರೆ ಇರುವುದು ಐಡಿಗಳ ನಡುವಿನ ಬಿರುಕುಗಳಲ್ಲಿ. ಪೋಸ್ಟ್‌ಗ್ರೆಸ್‌ನ ಸೀಕ್ವೆನ್ಸ್ (ಐಡಿಗಳನ್ನು ಸರದಿಯಲ್ಲಿ ಹಂಚುವ ಎಣಿಕೆಗಾರ) ಒಮ್ಮೆ ಕೊಟ್ಟ ಸಂಖ್ಯೆಯನ್ನು ಹಿಂದಕ್ಕೆ ಪಡೆಯುವುದಿಲ್ಲ. ಸಾಲು ಸೇರಿಸುವ ವ್ಯವಹಾರ (ಟ್ರಾನ್ಸಾಕ್ಷನ್) ರದ್ದಾದರೂ ಆ ಸಂಖ್ಯೆ ಹೋದಂತೆಯೇ. ಒಂದೇ ವಚನ ಎರಡು ಸಲ ಸೇರದಿರಲಿ ಎಂದು ನಾನು ಸೇರ್ಪಡೆಯ ಕ್ವೆರಿಗೆ (ಡೇಟಾಬೇಸಿಗೆ ಕೊಡುವ ಆಜ್ಞೆಗೆ) ಆನ್ ಕಾನ್‌ಫ್ಲಿಕ್ಟ್ ಡು ನಥಿಂಗ್ ಎಂದು ಹಾಕಿದ್ದೆ; ಹಾಗೆ ತಿರಸ್ಕೃತವಾದ ಪ್ರತಿಯೊಂದು ಸಾಲೂ ಒಂದೊಂದು ಐಡಿಯನ್ನು ನುಂಗಿಕೊಂಡೇ ಹೋಗುತ್ತದೆ. 4,000 ಐಡಿಯ ನಂತರ ಸಾವಿರ ನಕಲು ವಚನಗಳು ತಿರಸ್ಕೃತವಾಗಿ ಮುಂದಿನ ನಿಜವಾದ ವಚನಕ್ಕೆ 5,001 ಸಿಕ್ಕಿದೆ ಎಂದುಕೊಳ್ಳಿ. 4,001ರಿಂದ 5,001ರವರೆಗೆ ಯಾವ ಸಂಖ್ಯೆ ಬಿದ್ದರೂ ಬರುವುದು ಅದೊಂದೇ ವಚನ, ಅಂದರೆ ಪಕ್ಕದ ವಚನಕ್ಕಿಂತ ಸಾವಿರದ ಒಂದು ಪಟ್ಟು ಹೆಚ್ಚಿನ ಅವಕಾಶ. ಇದೇ ವಿಧಾನದಲ್ಲಿ ಎಡವುವ ಇನ್ನೊಂದು ಕಲ್ಲಿದೆ. ರ‍್ಯಾಂಡಮ್ ಎಂಬ ಫಂಕ್ಷನ್ನನ್ನು ನೇರವಾಗಿ, ಸಾಲುಗಳನ್ನು ಸೋಸುವ ವೇರ್ ಷರತ್ತಿನೊಳಗೆ ಬರೆದರೆ ಪೋಸ್ಟ್‌ಗ್ರೆಸ್ ಅದನ್ನು ಪ್ರತಿ ಸಾಲಿಗೂ ಹೊಸದಾಗಿ ಲೆಕ್ಕ ಹಾಕುತ್ತದೆ, ಇಂಡೆಕ್ಸನ್ನು ಮುಟ್ಟುವುದಿಲ್ಲ, ಮತ್ತು ಐಡಿ ಆ ಸಂಖ್ಯೆಗೆ ಸಮನಾಗಿರಬೇಕೆಂದು ಕೇಳಿದ್ದರೆ ಒಮ್ಮೆ ಏನೂ ಬಾರದೆ ಇನ್ನೊಮ್ಮೆ ಮೂರು ಸಾಲು ಬರುವ ವಿಚಿತ್ರವೂ ನಡೆಯುತ್ತದೆ. ಅದನ್ನು ಒಳಗಿನ ಸೆಲೆಕ್ಟ್ ಒಂದರಲ್ಲಿ ಕಟ್ಟಿ, ಪೂರ್ಣಾಂಕಕ್ಕೆ ಬದಲಾಯಿಸಿ ಕೊಡಬೇಕು.

ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿ ತಂತ್ರಾಂಶ ಬಿರುಕಿನ ಸಮಸ್ಯೆಗೆ ಒಂದು ಸರಳ ಉತ್ತರ ಕಂಡುಕೊಂಡಿದೆ. ಪ್ರತಿ ಲೇಖನ ಹುಟ್ಟುವಾಗಲೇ ಸೊನ್ನೆಗೂ ಒಂದಕ್ಕೂ ನಡುವಿನ ಒಂದು ಯಾದೃಚ್ಛಿಕ ಸಂಖ್ಯೆಯನ್ನು ಅದರ ಪಕ್ಕದ ಕಾಲಮಿನಲ್ಲಿ ಬರೆದಿಟ್ಟು ಆ ಕಾಲಮಿಗೆ ಇಂಡೆಕ್ಸ್ ಹಾಕಿರುತ್ತಾರೆ. ಕನ್ನಡ ವಿಕಿಪೀಡಿಯದಲ್ಲಿ ನೀವು ಯಾವುದೋ ಒಂದು ಲೇಖನವನ್ನು ತೋರಿಸೆಂದು ಕೇಳಿದಾಗ ಹುಡುಕಾಟ ನಡೆಯುವುದು ಅದರ ಮೇಲೆ. ಐಡಿಯ ದೊಡ್ಡ ಬಿರುಕುಗಳು ಇಲ್ಲಿಲ್ಲ, ಆದರೆ ಸಣ್ಣಪುಟ್ಟ ಅಸಮಾನತೆ ಉಳಿಯುತ್ತದೆ, ಮತ್ತು ಒಂದು ಲೇಖನದ ಹಿಂದೆ ಅದೃಷ್ಟವಶಾತ್ ಬಿದ್ದ ಅಗಲವಾದ ಅಂತರ ಹೊಸ ನೆರೆಯವರು ಬರುವವರೆಗೆ ಅದರ ಸ್ವತ್ತಾಗಿಯೇ ಇರುತ್ತದೆ. ಜ್ಞಾನಕೋಶಕ್ಕೆ ಇದು ಸಾಕು.

ಈಗ ವಿಮರ್ಶೆಯ ವಸ್ತುವಿಗೆ ಬರುತ್ತೇನೆ. ಟೇಬಲ್‌ಸ್ಯಾಂಪಲ್ ಎಂಬುದು ಡೇಟಾಬೇಸುಗಳ ಭಾಷೆಗೆ ಹಾಕಿಕೊಟ್ಟ 2003ರ ಎಸ್‌ಕ್ಯೂಎಲ್ ಮಾನದಂಡದಲ್ಲಿರುವ ಅಂಶ. ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ 2005ರ ಆವೃತ್ತಿಯಿಂದ ಇದೆ, ಒರಾಕಲ್‌ನಲ್ಲಿ ಸ್ಯಾಂಪಲ್ ಎಂಬ ಹೆಸರಿನಲ್ಲಿ ಇದರ ಸೋದರ ಸಂಬಂಧಿ ಇದೆ, ಪೋಸ್ಟ್‌ಗ್ರೆಸ್‌ಗೆ 2016ರ ಜನವರಿಯಲ್ಲಿ ಬಿಡುಗಡೆಯಾದ 9.5 ಆವೃತ್ತಿಯೊಂದಿಗೆ ಬಂತು. ಬಳಕೆ ಕಷ್ಟವಲ್ಲ. ಫ್ರಮ್ ಎಂದು ಬರೆದು ಟೇಬಲಿನ ಹೆಸರು ಕೊಟ್ಟ ಮೇಲೆ ಟೇಬಲ್‌ಸ್ಯಾಂಪಲ್ ಎಂದು ಸೇರಿಸಿ, ಯಾವ ವಿಧಾನ ಮತ್ತು ಶೇಕಡಾ ಎಷ್ಟು ಎಂಬುದನ್ನು ಹೇಳಿದರೆ ಮುಗಿಯಿತು. ಒಳಗೇ ಬರುವ ವಿಧಾನಗಳು ಎರಡು. ಬರ್ನೂಲಿ ಪ್ರತಿಯೊಂದು ಸಾಲಿಗೂ ಪ್ರತ್ಯೇಕವಾಗಿ ನಾಣ್ಯ ಚಿಮ್ಮುತ್ತದೆ. ನ್ಯಾಯ ಅಚ್ಚುಕಟ್ಟು, ಆದರೆ ಟೇಬಲನ್ನು ಪೂರ್ತಿ ಓದಲೇಬೇಕಾಗುತ್ತದೆ. ಸಿಸ್ಟಮ್ ಎಂಬುದು ಸಾಲುಗಳಿಗಲ್ಲ, ಪೇಜುಗಳಿಗೆ ನಾಣ್ಯ ಚಿಮ್ಮುತ್ತದೆ. ಪೋಸ್ಟ್‌ಗ್ರೆಸ್ ತನ್ನ ದತ್ತಾಂಶವನ್ನು ಡಿಸ್ಕಿನಲ್ಲಿ ಸಾಮಾನ್ಯವಾಗಿ 8 ಕಿಲೋಬೈಟಿನ ಪೇಜುಗಳಾಗಿ ಇಡುವುದರಿಂದ, ನಾಣ್ಯ ಬಿದ್ದ ಪೇಜಿನ ಎಲ್ಲ ಸಾಲುಗಳೂ ಒಟ್ಟಿಗೆ ಬರುತ್ತವೆ, ಉಳಿದ ಪೇಜುಗಳನ್ನು ತೆರೆಯುವುದೇ ಇಲ್ಲ. ವೇಗದ ಗುಟ್ಟು ಇದರಲ್ಲಿದೆ, ತೊಂದರೆಯ ಬೇರೂ ಇದರಲ್ಲಿದೆ.

ಕನ್ನಡದ ಪಠ್ಯವಿರುವ ಟೇಬಲಿನಲ್ಲಿ ಒಂದು ಪೇಜಿಗೆ ಎಷ್ಟು ಸಾಲು ಹಿಡಿಯುತ್ತದೆ ಎಂದು ಒಮ್ಮೆ ಲೆಕ್ಕ ಹಾಕುವುದು ಒಳ್ಳೆಯದು. ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೇಕು, ಮತ್ತು ನಾವು ಒಂದೇ ಅಕ್ಷರವೆಂದು ಓದುವ ‘ಸ್ತ್ರೀ’ ಎಂಬುದರಲ್ಲಿ ಇಂತಹ ಆರು ಸಂಕೇತಗಳಿವೆ. ಒಂದು ವಚನದಲ್ಲಿ ಸರಾಸರಿ 300 ಸಂಕೇತಗಳೆಂದು ಇಟ್ಟುಕೊಂಡರೆ ಅದಕ್ಕೇ 900 ಬೈಟ್, ಸಾಲಿನ ತಲೆಬರಹ ಮತ್ತು ಇತರ ಕಾಲಮುಗಳನ್ನು ಸೇರಿಸಿದರೆ ಪೇಜಿಗೆ ಎಂಟು ವಚನ. ಇಪ್ಪತ್ತು ಸಾವಿರ ವಚನಗಳಿಗೆ ಸುಮಾರು 2,500 ಪೇಜುಗಳು, ಒಟ್ಟು 20 ಮೆಗಾಬೈಟ್.

ನನ್ನ ಮೊದಲ ಪ್ರಯೋಗ ಹೀಗಿತ್ತು: ಟೇಬಲ್‌ಸ್ಯಾಂಪಲ್ ಸಿಸ್ಟಮ್ ಶೇಕಡಾ ಒಂದು, ಕೊನೆಯಲ್ಲಿ ಲಿಮಿಟ್ ಐದು. ಎಕ್ಸ್‌ಪ್ಲೇನ್ (ಕ್ವೆರಿ ಹೇಗೆ ನಡೆಯುತ್ತದೆಂದು ತೋರಿಸುವ ಆಜ್ಞೆ) ಹಾಕಿ ನೋಡಿದರೆ ಪೂರ್ತಿ ಟೇಬಲನ್ನು ಓದುವ ಸೀಕ್ವೆನ್ಷಿಯಲ್ ಸ್ಕ್ಯಾನ್ ಇದ್ದ ಜಾಗದಲ್ಲಿ ಸ್ಯಾಂಪಲ್ ಸ್ಕ್ಯಾನ್ ಎಂದು ಬಂದಿತ್ತು, ಉತ್ತರ ಥಟ್ಟನೆ ಸಿಗುತ್ತಿತ್ತು, ನಾನು ಬೀಗಿದೆ. ಕೆಲವು ವಾರಗಳ ನಂತರ ಓದುಗರೊಬ್ಬರು ‘ನಿಮ್ಮ ತಾಣದಲ್ಲಿ ಯಾವಾಗ ನೋಡಿದರೂ ಕೂಡಲಸಂಗಮದೇವ ಎಂದೇ ಮುಗಿಯುತ್ತದಲ್ಲ, ಅಕ್ಕನ ವಚನಗಳನ್ನು ಹಾಕಿಲ್ಲವೇ’ ಎಂದು ಕೇಳಿದರು. ಅಕ್ಕನ ವಚನಗಳು ಇದ್ದವು. ನಾನು ಬಸವಣ್ಣನವರ ವಚನಗಳನ್ನು ಮೊದಲು, ಅಲ್ಲಮನ ವಚನಗಳನ್ನು ಆಮೇಲೆ, ಹೀಗೆ ವಚನಕಾರರ ಸರದಿಯಲ್ಲಿ ಟೇಬಲನ್ನು ತುಂಬಿಸಿದ್ದೆ. ಸಿಸ್ಟಮ್ ವಿಧಾನ ಪೇಜುಗಳನ್ನು ಮೊದಲಿನಿಂದ ಕೊನೆಯವರೆಗೆ ಕ್ರಮವಾಗಿ ಪರಿಶೀಲಿಸುತ್ತ ಬರುತ್ತದೆ, ನನ್ನ ಲಿಮಿಟ್ ಐದು ಎಂಬುದು ಮೊದಲು ನಾಣ್ಯ ಬಿದ್ದ ಪೇಜಿನಲ್ಲೇ ಅದರ ಕೈ ಹಿಡಿದು ನಿಲ್ಲಿಸುತ್ತದೆ. ಪ್ರತಿ ಪೇಜಿಗೆ ನೂರಕ್ಕೆ ಒಂದು ಅವಕಾಶವಿದ್ದರೆ, ನೂರು ಸಲದಲ್ಲಿ ತೊಂಬತ್ತೈದು ಸಲ ಆ ಮೊದಲ ಪೇಜು ಆರಂಭದ 300 ಪೇಜುಗಳೊಳಗೇ ಸಿಕ್ಕಿಬಿಡುತ್ತದೆ. ಉಳಿದ 2,200 ಪೇಜುಗಳವರೆಗೆ ಸರದಿ ಬರುವುದು ಅಪರೂಪ. ತಪ್ಪು ಡೇಟಾಬೇಸಿನದಲ್ಲ. ಶೇಕಡಾ ಒಂದನ್ನು ಕೇಳಿ, ಅದರಲ್ಲಿ ಮುಂದಿನ ಸಾಲಿನವರನ್ನು ಮಾತ್ರ ಒಳಗೆ ಬಿಟ್ಟವನು ನಾನು.

ಹಾಗಾದರೆ ಶೇಕಡಾವಾರನ್ನು ಇಳಿಸಿ ಲಿಮಿಟ್ ತೆಗೆದುಬಿಡೋಣ ಎಂದರೆ ಇನ್ನೊಂದು ಗುಂಡಿ ಎದುರಾಗುತ್ತದೆ. ಶೇಕಡಾ 0.1 ಎಂದು ಕೇಳಿದರೆ 2,500 ಪೇಜುಗಳಲ್ಲಿ ಸರಾಸರಿ ಎರಡೂವರೆ ಪೇಜು ಬರಬೇಕು, ಆದರೆ ಸರಾಸರಿಯೆಂಬುದು ಭರವಸೆಯಲ್ಲ; ನೂರಕ್ಕೆ ಎಂಟು ಸಲ ಒಂದೂ ಬರುವುದಿಲ್ಲ, ಮುಖಪುಟದ ಚೌಕ ಖಾಲಿ. ಟೇಬಲ್ ಚಿಕ್ಕದಾದಷ್ಟೂ ಇದು ಹದಗೆಡುತ್ತದೆ. ಹನ್ನೆರಡು ಚಿಕ್ಕ ಸಾಲುಗಳು ಒಂದೇ ಪೇಜಿನಲ್ಲಿರುವ ಟೇಬಲಿನಿಂದ ಶೇಕಡಾ ಒಂದು ಕೇಳಿ ನೋಡಿ: ನೂರರಲ್ಲಿ ತೊಂಬತ್ತೊಂಬತ್ತು ಸಲ ಏನೂ ಇಲ್ಲ, ಉಳಿದ ಒಂದು ಸಲ ಹನ್ನೆರಡೂ ಒಟ್ಟಿಗೆ. ಪರೀಕ್ಷೆಗೆಂದು ನಾಲ್ಕು ಸಾಲು ತುಂಬಿಸಿಕೊಂಡು ಕೋಡ್ ಬರೆಯುವವರು ಇದನ್ನು ಕಂಡು ಸಾಫ್ಟ್‌ವೇರ್ ಕೆಟ್ಟಿದೆ ಎಂದುಕೊಳ್ಳುವುದು ಸಹಜ.

ಶೇಕಡಾವಾರು ಬೇಡ, ಇಷ್ಟೇ ಸಾಲು ಕೊಡು ಎನ್ನುವವರಿಗಾಗಿ ಪೋಸ್ಟ್‌ಗ್ರೆಸ್ ಜೊತೆಯಲ್ಲೇ ಟಿಎಸ್‌ಎಂ ಸಿಸ್ಟಮ್ ರೋಸ್ (ರೋಸ್ ಎಂದರೆ ಸಾಲುಗಳು) ಎಂಬ ಒಂದು ಎಕ್ಸ್‌ಟೆನ್ಷನ್ ಬರುತ್ತದೆ. 13ನೆಯ ಆವೃತ್ತಿಯಿಂದೀಚೆಗೆ ಇದು ವಿಶ್ವಾಸಾರ್ಹ ಎಂಬ ಪಟ್ಟಿಯಲ್ಲಿರುವುದರಿಂದ ಸೂಪರ್‌ಯೂಸರ್ ಅಲ್ಲದವರೂ, ಆ ಡೇಟಾಬೇಸಿನಲ್ಲಿ ಹೊಸದನ್ನು ಸೃಷ್ಟಿಸುವ ಅನುಮತಿಯಿದ್ದರೆ, ತಾವೇ ಸ್ಥಾಪಿಸಿಕೊಳ್ಳಬಹುದು. ನಾನು ಸಿಸ್ಟಮ್ ರೋಸ್ ಐದು ಎಂದು ಬರೆದೆ. ಇದು ಟೇಬಲಿನ ಆರಂಭದಿಂದ ಹೊರಡುವುದಿಲ್ಲ. ಯಾದೃಚ್ಛಿಕವಾಗಿ ಆರಿಸಿದ ಒಂದು ಪೇಜಿನಿಂದ ಶುರುಮಾಡಿ, ಯಾದೃಚ್ಛಿಕವಾದ ಒಂದು ಹೆಜ್ಜೆಯ ಅಳತೆಯಲ್ಲಿ ಪೇಜಿನಿಂದ ಪೇಜಿಗೆ ಜಿಗಿಯುತ್ತದೆ, ಕೇಳಿದಷ್ಟು ಸಾಲು ಸಿಕ್ಕ ಕೂಡಲೇ ನಿಲ್ಲುತ್ತದೆ. ಟೇಬಲಿನಲ್ಲಿ ಅಷ್ಟು ಸಾಲುಗಳು ಇರುವವರೆಗೆ ಖಾಲಿ ಉತ್ತರದ ಭಯವಿಲ್ಲ, ಬಸವಣ್ಣನವರ ಏಕಸ್ವಾಮ್ಯವೂ ಮುರಿಯಿತು. ಆದರೆ ಐದೂ ವಚನಗಳು ಒಬ್ಬರದೇ ಆಗಿರುತ್ತಿದ್ದವು, ಒಮ್ಮೆ ಐದೂ ಅಲ್ಲಮನವು, ಇನ್ನೊಮ್ಮೆ ಐದೂ ಅಕ್ಕನವು. ಒಂದು ಪೇಜಿನಲ್ಲಿರುವ ಎಂಟೂ ಒಂದೇ ಕಟ್ಟಿನಿಂದ ಬಂದವಾದುದರಿಂದ ಅಚ್ಚರಿಯೇನಿಲ್ಲ, ಮತ್ತು ಕೆಲವೇ ಸಾಲುಗಳನ್ನು ಕೇಳಿದಾಗ ಇಂತಹ ಗುಂಪುಗಾರಿಕೆ ಕಾಣಿಸಬಹುದೆಂದು ಪೋಸ್ಟ್‌ಗ್ರೆಸ್‌ನ ಕೈಪಿಡಿ ಒಂದು ವಾಕ್ಯದಲ್ಲಿ ಹೇಳಿಯೂ ಇದೆ.

ಆ ಒಂದು ವಾಕ್ಯ ಹೇಳದೆ ಬಿಟ್ಟಿದ್ದು ನನಗೆ ಆಮೇಲೆ ಗೊತ್ತಾಯಿತು. ಸಿಸ್ಟಮ್ ರೋಸ್ ಪೇಜನ್ನು ಆರಿಸುವುದು ಯಾದೃಚ್ಛಿಕವಾಗಿ, ಪೇಜಿನೊಳಗೆ ಓದುವುದು ಮಾತ್ರ ಮೊದಲ ಸಾಲಿನಿಂದ ಕ್ರಮವಾಗಿ. ಪೇಜಿಗೆ ಎಂಟು ಸಾಲಿದ್ದು ನಾನು ಐದು ಕೇಳಿದರೆ ಬರುವುದು ಸದಾ ಒಂದರಿಂದ ಐದು. ಆರು, ಏಳು, ಎಂಟನೆಯ ಸ್ಥಾನದಲ್ಲಿ ಕುಳಿತ ವಚನಗಳಿಗೆ ಎಂದೆಂದಿಗೂ ಸರದಿ ಇಲ್ಲ. ಎಂಟರಲ್ಲಿ ಮೂರು ಎಂದರೆ ಇಪ್ಪತ್ತು ಸಾವಿರಕ್ಕೆ ಏಳೂವರೆ ಸಾವಿರ ವಚನಗಳು ನನ್ನ ಮುಖಪುಟಕ್ಕೆ ಬರುವ ಸಾಧ್ಯತೆಯೇ ಇರಲಿಲ್ಲ. ಒಂದೇ ಸಾಲನ್ನು ಕೇಳುವವರ ಪಾಡು ಇನ್ನೂ ಕಷ್ಟ, ಅವರಿಗೆ ಪ್ರತಿ ಪೇಜಿನ ಮೊದಲ ಸಾಲು ಮಾತ್ರ ಸಿಗುತ್ತಿರುತ್ತದೆ. ಫಲಿತಾಂಶವನ್ನು ಬರಿಗಣ್ಣಿನಿಂದ ನೋಡಿದರೆ ಇದು ತಿಳಿಯುವುದಿಲ್ಲ, ಏಕೆಂದರೆ ಪ್ರತಿ ಸಲವೂ ಬೇರೆ ಬೇರೆ ವಚನಗಳೇ ಬರುತ್ತವೆ. ಸಾಲಿನ ಭೌತಿಕ ವಿಳಾಸವನ್ನು ಹೇಳುವ ಸಿಟಿಐಡಿ ಎಂಬ ಗುಪ್ತ ಕಾಲಮನ್ನು ಸೆಲೆಕ್ಟಿಗೆ ಸೇರಿಸಿದಾಗ ಅಲ್ಪವಿರಾಮದ ಎಡಗಡೆಯ ಪೇಜಿನ ಸಂಖ್ಯೆ ಬದಲಾಗುತ್ತಲೇ ಇದ್ದು, ಬಲಗಡೆಯ ಸ್ಥಾನಸಂಖ್ಯೆ ಒಂದು, ಎರಡು, ಮೂರು, ನಾಲ್ಕು, ಐದು ಎಂದು ಮಗ್ಗಿ ಒಪ್ಪಿಸುತ್ತಿರುವುದು ಕಂಡಿತು.

ಪರಿಹಾರ ಸುಲಭವಾಗಿಯೇ ಇದೆ. ಒಳಗಿನ ಕ್ವೆರಿಯಲ್ಲಿ ಬೇಕಾದದ್ದಕ್ಕಿಂತ ಧಾರಾಳವಾಗಿ, ಉದಾಹರಣೆಗೆ ಸಿಸ್ಟಮ್ ರೋಸ್ 200 ಎಂದು ಕೇಳಿ, ಹೊರಗಿನ ಕ್ವೆರಿಯಲ್ಲಿ ಆ ಇನ್ನೂರನ್ನೇ ಆರ್ಡರ್ ಬೈ ರ‍್ಯಾಂಡಮ್ ಮಾಡಿ ಐದನ್ನು ತೆಗೆಯುವುದು. ಇನ್ನೂರು ಸಾಲಿಗೆ 25 ಪೇಜುಗಳನ್ನು ಓದಿದರೆ ಸಾಕು, 2,500 ಬೇಡ. ಪೇಜುಗಳು ಟೇಬಲಿನ ಉದ್ದಕ್ಕೂ ಹರಡಿರುವುದರಿಂದ ವಚನಕಾರರೂ ಬೆರೆಯುತ್ತಾರೆ, ಪೇಜಿನ ಕೊನೆಯ ಸ್ಥಾನದವರಿಗೂ ಪಾಲು ಸಿಗುತ್ತದೆ. ಅಳಿಸಿದ ಸಾಲುಗಳಿಂದ ಅರ್ಧ ಖಾಲಿಯಾದ ಪೇಜುಗಳಿದ್ದರೆ ಅಲ್ಪಸ್ವಲ್ಪ ಅಸಮಾನತೆ ಉಳಿದೀತು, ಆದರೆ ಕಣ್ಣಿಗೆ ಬೀಳುವಷ್ಟಲ್ಲ. ಈ ರೂಪದಲ್ಲಿ ಬಳಸುವುದಾದರೆ ಉತ್ಪನ್ನಕ್ಕೆ ನನ್ನ ಪೂರ್ಣ ಒಪ್ಪಿಗೆಯಿದೆ.

ಷರತ್ತು ಸೇರಿದ ಕೂಡಲೇ ಮತ್ತೆ ತಲೆನೋವು. ಸ್ಯಾಂಪಲ್ ತೆಗೆಯುವುದು ಮೊದಲು, ವೇರ್ ಷರತ್ತಿನಿಂದ ಸೋಸುವುದು ಆಮೇಲೆ; ಇದು ಬದಲಾಗದ ಕ್ರಮ. ಅಂಕಿತ ‘ರಾಮನಾಥ’ ಇರಬೇಕು ಎಂದು ಕೇಳಿದರೆ, ಇನ್ನೂರು ಸಾಲು ಎತ್ತಿಕೊಂಡ ಮೇಲೆ ಅದರಲ್ಲಿ ಜೇಡರ ದಾಸಿಮಯ್ಯ ಇದ್ದಾನೆಯೇ ಎಂದು ನೋಡುತ್ತದೆ, ಬಹಳ ಸಲ ಇರುವುದಿಲ್ಲ. ಒಬ್ಬ ವಚನಕಾರನನ್ನು ಹಿಡಿದು ಹುಡುಕುವಲ್ಲಿ ಟೇಬಲ್‌ಸ್ಯಾಂಪಲನ್ನು ಬದಿಗಿಟ್ಟು, ಅಂಕಿತದ ಇಂಡೆಕ್ಸ್ ಮೂಲಕ ಆ ಕೆಲವು ನೂರು ಸಾಲುಗಳನ್ನು ತಂದು ಹಳೆಯ ಆರ್ಡರ್ ಬೈ ರ‍್ಯಾಂಡಮ್ ಮಾಡುವುದೇ ಲೇಸು. ‘ಪರಿಶೀಲಿತ ವಚನಗಳು ಮಾತ್ರ’ ಎಂಬಂತಹ ಕಾಯಂ ಷರತ್ತಿಗೆ ಮೆಟೀರಿಯಲೈಸ್ಡ್ ವ್ಯೂ, ಅಂದರೆ ಕ್ವೆರಿಯ ಉತ್ತರವನ್ನೇ ಡಿಸ್ಕಿನಲ್ಲಿ ಟೇಬಲಿನಂತೆ ಬರೆದಿಟ್ಟ ಪ್ರತಿಯನ್ನು, ಮಾಡಿಕೊಳ್ಳಬಹುದು, ಏಕೆಂದರೆ ಟೇಬಲ್‌ಸ್ಯಾಂಪಲ್ ಸಾಮಾನ್ಯ ವ್ಯೂಗಳ ಮೇಲೆ ನಡೆಯದಿದ್ದರೂ ಇವುಗಳ ಮೇಲೆ ನಡೆಯುತ್ತದೆ. ಅದನ್ನು ಕಟ್ಟುವ ಕ್ವೆರಿಯ ಕೊನೆಯಲ್ಲಿಯೇ ಆರ್ಡರ್ ಬೈ ರ‍್ಯಾಂಡಮ್ ಎಂದು ಬರೆದಿಟ್ಟರೆ ಪ್ರತಿ ರಾತ್ರಿಯ ರಿಫ್ರೆಶ್‌ನಲ್ಲಿ ಸಾಲುಗಳು ಡಿಸ್ಕಿನ ಮೇಲೆ ಇಸ್ಪೀಟು ಕಲೆಸಿದಂತೆ ಹೊಸದಾಗಿ ಬೆರೆತು ಕೂರುತ್ತವೆ, ಪೇಜಿನೊಳಗಿನ ಗುಂಪುಗಾರಿಕೆಯ ಸಮಸ್ಯೆ ಬುಡದಲ್ಲೇ ಹೋಗುತ್ತದೆ. ರಿಫ್ರೆಶ್ ನಡೆಯುವಷ್ಟು ಹೊತ್ತು ಓದುವವರು ಕಾಯಬೇಕಾಗುತ್ತದೆ ಎಂಬುದು ಇದರ ಬೆಲೆ. ಅದನ್ನು ಉಳಿಸಲೆಂದು ಕನ್‌ಕರೆಂಟ್ಲಿ ಎಂದು ಸೇರಿಸಿದರೆ ಬದಲಾದ ಸಾಲುಗಳು ಮಾತ್ರ ತಿದ್ದುಪಡಿಯಾಗಿ ಉಳಿದವು ಕದಲುವುದೇ ಇಲ್ಲ, ಕಲೆಸುವ ಉದ್ದೇಶ ಕೈತಪ್ಪುತ್ತದೆ.

ಮೆಚ್ಚಿದ ಇನ್ನೊಂದು ಗುಣ ರಿಪೀಟೆಬಲ್. ಬರ್ನೂಲಿ ಮತ್ತು ಸಿಸ್ಟಮ್ ಎರಡಕ್ಕೂ ಒಂದು ಬೀಜಸಂಖ್ಯೆ ಕೊಟ್ಟರೆ, ಟೇಬಲ್ ಬದಲಾಗದಿರುವವರೆಗೆ ಅದೇ ಸಂಖ್ಯೆಗೆ ಅದೇ ಸಾಲುಗಳು ಮರಳಿ ಬರುತ್ತವೆ. ದಿನಾಂಕವನ್ನೇ ಬೀಜವಾಗಿ ಕೊಟ್ಟು ಇಡೀ ದಿನ ಎಲ್ಲರಿಗೂ ಒಂದೇ ಗುಂಪನ್ನು ತೋರಿಸಬಹುದು. ಸಿಸ್ಟಮ್ ರೋಸ್ ಇದಕ್ಕೆ ಒಪ್ಪುವುದಿಲ್ಲ.

ಅನ್ನ ಬೆಂದಿದೆಯೇ ಎಂದು ನೋಡಲು ಯಾರೂ ಪಾತ್ರೆಯನ್ನೆಲ್ಲ ಬಗ್ಗಿಸುವುದಿಲ್ಲ, ನಾಲ್ಕು ಅಗುಳು ಹಿಸುಕಿ ನೋಡುತ್ತಾರೆ. ಟೇಬಲ್‌ಸ್ಯಾಂಪಲ್ ಹುಟ್ಟಿದ್ದು ಆ ಕೆಲಸಕ್ಕೆ. ನನ್ನ ತಾಣದಲ್ಲಿ ಯಾವ ವಚನವನ್ನು ಯಾವಾಗ ತೆರೆದರು ಎಂಬ ಲಾಗ್ ಟೇಬಲ್ ಇದೆ. ಅಂತಹ ಟೇಬಲಿನಲ್ಲಿ ಸಾಲಿಗೆ 100 ಬೈಟಿನಂತೆ ಒಂದು ಕೋಟಿ ಸಾಲುಗಳಿದ್ದರೆ ಸುಮಾರು 1.25 ಲಕ್ಷ ಪೇಜುಗಳು, ಹತ್ತಿರ ಹತ್ತಿರ ಒಂದು ಗಿಗಾಬೈಟ್. ಬೆಳಗಿನ ಓದುಗರು ಹೆಚ್ಚೋ ರಾತ್ರಿಯವರು ಹೆಚ್ಚೋ ಎಂದು ತಿಳಿಯಲು ಸಿಸ್ಟಮ್ ಶೇಕಡಾ 0.1 ಕೇಳಿದರೆ ಸುಮಾರು 125 ಪೇಜುಗಳ ಓದಿನಲ್ಲಿ ಹತ್ತು ಸಾವಿರ ಸಾಲುಗಳು ಕೈಗೆ ಬರುತ್ತವೆ, ಅಂದಾಜಿಗೆ ಅಷ್ಟು ಯಥೇಷ್ಟ. ಲಾಗಿನ ಒಂದು ಪೇಜಿನಲ್ಲಿರುವುದೆಲ್ಲ ಹೆಚ್ಚುಕಡಿಮೆ ಒಂದೇ ಗಳಿಗೆಯ ಭೇಟಿಗಳಾದುದರಿಂದ ನಾನು ಅದನ್ನು ಹತ್ತು ಸಾವಿರ ಬಿಡಿ ಸಾಕ್ಷಿಗಳೆಂದು ಎಣಿಸದೆ, 125 ಗಳಿಗೆಗಳ ಸಾಕ್ಷಿಯೆಂದು ಎಣಿಸುತ್ತೇನೆ.

ವಚನಗಳ ಚೌಕದ ವಿಷಯದಲ್ಲಿ ಸ್ವಲ್ಪ ನಾಚಿಕೆಯಿಂದಲೇ ಹೇಳಬೇಕು. ಪೋಸ್ಟ್‌ಗ್ರೆಸ್ ನಾವೇನೂ ಬದಲಾಯಿಸದಿದ್ದರೆ ತನ್ನ ಬಳಕೆಗೆ ಇಟ್ಟುಕೊಳ್ಳುವ ಶೇರ್ಡ್ ಬಫರ್ (ಓದಿದ ಪೇಜುಗಳನ್ನಿಡುವ ನೆನಪಿನ ಜಾಗ) 128 ಮೆಗಾಬೈಟ್, ನನ್ನ ವಚನಗಳೆಲ್ಲ ಸೇರಿ 20. ಪೂರ್ತಿ ಟೇಬಲ್ ನೆನಪಿನಲ್ಲೇ ಕುಳಿತಿರುವಾಗ ಡಿಸ್ಕಿನ ಚಿಂತೆ ಮಾಡಿದ್ದೇ ವ್ಯರ್ಥವಾಗಿತ್ತು. ಈಗ ಅಲ್ಲಿರುವುದು ಹಳೆಯ ಆರ್ಡರ್ ಬೈ ರ‍್ಯಾಂಡಮ್, ನಿಮಿಷಕ್ಕೊಮ್ಮೆ ನಡೆದು ಐವತ್ತು ವಚನಗಳನ್ನು ಕ್ಯಾಶ್‌ಗೆ (ತಾತ್ಕಾಲಿಕ ಸಂಗ್ರಹಕ್ಕೆ) ಹಾಕುತ್ತದೆ, ಪುಟ ತೆರೆದವರಿಗೆಲ್ಲ ಆ ಐವತ್ತರಿಂದಲೇ ಐದು ಹೋಗುತ್ತವೆ. ಅಕ್ಕನ ವಚನ ಕೇಳಿದ್ದ ಆ ಓದುಗರಿಗೆ ಪತ್ರ ಬರೆದು ತಿಳಿಸಿದೆ. ‘ಈಗ ಬರುತ್ತಿವೆ, ಆದರೆ ಬಸವಣ್ಣನವರು ಕಡಿಮೆಯಾದರು’ ಎಂದು ಉತ್ತರ ಬಂತು.